ಮಾಮೂಲಾದ ಸುಂಕ: ವೈನ್ ಪೀಪಾಯಿಯಿಂದ ಸೆಸ್‌ವರೆಗೆ

ಭಾರತ ಮತ್ತು ಯುರೋಪಿಯನ್ ಒಕ್ಕೂಟದ ವ್ಯಾಪಾರ ಒಪ್ಪಂದದ ಮಾತುಕತೆ 2026ರ ಜನವರಿಯಲ್ಲಿ ಮುಗಿಯಿತು. ಆಗ ಸುದ್ದಿಯಲ್ಲಿ ಓಡಾಡಿದ ಅಂಕಿಗಳಲ್ಲಿ ವೈನ್ ಸುಂಕವೂ ಒಂದು. ನೂರಕ್ಕೆ 150 ಇರುವ ಆಮದು ಸುಂಕ ಹಂತ ಹಂತವಾಗಿ ಇಳಿಯಬೇಕು. ಕೊನೆಗೆ ದುಬಾರಿ ವೈನ್‌ಗೆ 20, ಮಧ್ಯಮ ಬೆಲೆಯದಕ್ಕೆ 30 ಉಳಿಯಬೇಕು. ಆಸ್ಟ್ರೇಲಿಯಾ ಜೊತೆಗಿನ ಒಪ್ಪಂದ 2022ರ ಡಿಸೆಂಬರ್ 29ಕ್ಕೇ ಜಾರಿಗೆ ಬಂತು. ಅಲ್ಲಿನ ವೈನ್ ಬಾಟಲಿಗೆ 5 ಡಾಲರ್ ಮೇಲಿದ್ದರೆ 100, 15 ಡಾಲರ್ ಮೇಲಿದ್ದರೆ 75 ಎಂದು ಮೊದಲ ಕಡಿತ ಆಯಿತು.

ಸುಂಕ ಎಷ್ಟು ಇಳಿಯುತ್ತದೆ ಅಂತ ಎಲ್ಲರೂ ಕೇಳಿದರು. ಈ 150 ಬಂದದ್ದು ಹೇಗೆ ಅಂತ ಕೇಳಿದವರು ಕಡಿಮೆ. ಅದು ಒಂದೇ ತೆರಿಗೆ ಅಲ್ಲ. 2021ರ ಬಜೆಟ್‌ನಲ್ಲಿ ಮದ್ಯದ ಮೇಲಿನ ಮೂಲ ಸುಂಕವನ್ನು 150ರಿಂದ 50ಕ್ಕೆ ಇಳಿಸಿದರು. ಅದೇ ದಿನ 100ರ ಒಂದು ಸೆಸ್, ಅಂದರೆ ಒಂದು ಕೆಲಸದ ಹೆಸರು ಹೇಳಿ ತೆಗೆಯುವ ತೆರಿಗೆ, ಹಾಕಿದರು. ಅದರ ಹೆಸರು ಕೃಷಿ ಮೂಲಸೌಕರ್ಯ ಮತ್ತು ಅಭಿವೃದ್ಧಿ ಸೆಸ್. ಕೊಳ್ಳುವವನಿಗೆ ಏನೂ ಬದಲಾಗಲಿಲ್ಲ, ಮೊತ್ತ ಅಷ್ಟೇ. ಬದಲಾದದ್ದು ಹೆಸರು. ಹೆಸರಿನ ಜೊತೆಗೆ, ಹಣ ಯಾರ ಪಾಲಿಗೆ ಹೋಗುತ್ತದೆ ಅನ್ನುವುದು.

ಒಂದು ಕೆಲಸದ ಹೆಸರು ಹೇಳಿ ವೈನ್ ಮೇಲೆ ಸುಂಕ ಹಾಕುವುದು ಹೊಸದೇನಲ್ಲ. ಇಂಗ್ಲೆಂಡಿನ ರಾಜರು ಸುಮಾರು 700 ವರ್ಷಗಳ ಹಿಂದೆ ಇದನ್ನೇ ಮಾಡಿದರು. ಅಲ್ಲಿನ ವ್ಯಾಪಾರಿಗಳೂ ಪಾರ್ಲಿಮೆಂಟೂ ಅದರ ಜೊತೆ ಹೇಗೆ ಗುದ್ದಾಡಿದರು ಅನ್ನುವುದು ನಮಗೂ ಗೊತ್ತಿರಬೇಕಾದ ಕಥೆ.

ಶುರು ಮಾಡಬೇಕಾದ್ದು ‘ಕಸ್ಟಮ್ಸ್’ ಎಂಬ ಪದದಿಂದ. ಇಂಗ್ಲಿಷಿನಲ್ಲಿ ಕಸ್ಟಮ್ ಅಂದರೆ ವಾಡಿಕೆ, ರೂಢಿ. ರಾಜ ಹಿಂದಿನಿಂದ ತೆಗೆದುಕೊಂಡು ಬಂದದ್ದು, ಆದ್ದರಿಂದ ಕೊಡಬೇಕಾದ್ದು. ಕನ್ನಡದಲ್ಲಿ ಇದಕ್ಕೆ ಸರಿಯಾಗಿ ಹೊಂದುವ ಪದ ಒಂದಿದೆ: ಮಾಮೂಲು. ಅದರ ಮೂಲ ಅರ್ಥವೂ ರೂಢಿಯಲ್ಲಿರುವುದು ಅಂತಲೇ. ನಮ್ಮಲ್ಲಿ ಅದು ಲಂಚದ ಹೆಸರಾಯಿತು, ಅವರಲ್ಲಿ ಸರ್ಕಾರಿ ಇಲಾಖೆಯ ಹೆಸರಾಯಿತು. ಎರಡರ ಹಿಂದೆಯೂ ಒಂದೇ ವಾದ ಇದೆ. ‘ಹೋದ ಸಲ ಕೊಟ್ಟಿದ್ದೆಯಲ್ಲ, ಈ ಸಲವೂ ಕೊಡು.’

ನಾನು ಚಿಕ್ಕವನಿದ್ದಾಗ ಅಮ್ಮನ ಜೊತೆ ಸಂತೆಗೆ ಹೋಗುತ್ತಿದ್ದೆ. ಸಂತೆ ಸುಂಕದ ಹರಾಜು ಹಿಡಿದವನ ಕಡೆಯ ಹುಡುಗ ಚೀಟಿ ಪುಸ್ತಕ ಹಿಡಿದು ಸಾಲು ಸಾಲಾಗಿ ಬರುತ್ತಿದ್ದ. ತರಕಾರಿ ಮಾರುವವರು ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಕೊಡುತ್ತಿದ್ದರು, ಅವನು ಚೀಟಿ ಹರಿದು ಕೊಡುತ್ತಿದ್ದ. ಅಲ್ಲಿಗೆ ಲೆಕ್ಕ ಮುಗಿಯಬೇಕು. ಆದರೆ ಹೋಗುವಾಗ ಬುಟ್ಟಿಯಿಂದ ಎರಡು ಬದನೆಕಾಯಿ ಎತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಕೇಳಿದರೆ ‘ಮಾಮೂಲು ಅಕ್ಕಾ’ ಅನ್ನುತ್ತಿದ್ದ. ಆ ಎರಡು ಬದನೆಕಾಯಿಗೆ ಚೀಟಿ ಇರಲಿಲ್ಲ. ಬುಟ್ಟಿಯಲ್ಲಿ ಎಷ್ಟಿತ್ತು ಅನ್ನುವುದೂ ಲೆಕ್ಕಕ್ಕೆ ಬರುತ್ತಿರಲಿಲ್ಲ. ದೊಡ್ಡ ಬುಟ್ಟಿಗೂ ಎರಡು, ಚಿಕ್ಕ ಬುಟ್ಟಿಗೂ ಎರಡು.

ಇಂಗ್ಲೆಂಡಿನ ಅತಿ ಹಳೆಯ ವೈನ್ ಸುಂಕ ಇದ್ದದ್ದು ಹೆಚ್ಚು ಕಮ್ಮಿ ಹೀಗೇ. ಅದರ ಹೆಸರು ಪ್ರೈಸೇಜ್. ವೈನ್ ಹೊತ್ತ ಹಡಗು ಬಂದರಿಗೆ ಬಂದರೆ, ರಾಜನ ಕಡೆಯವರು ಮೊದಲು ಹತ್ತಿ ತಮ್ಮ ಪಾಲು ಆರಿಸಿಕೊಳ್ಳಬೇಕು. ಹಡಗಿನಲ್ಲಿ 20 ಅಥವಾ ಅದಕ್ಕಿಂತ ಹೆಚ್ಚು ಪೀಪಾಯಿ ಇದ್ದರೆ ಎರಡು ರಾಜನಿಗೆ. ಹಾಯಿಕಂಬದ ಮುಂದಿನಿಂದ ಒಂದು, ಹಿಂದಿನಿಂದ ಒಂದು. 10ರಿಂದ 19 ಇದ್ದರೆ ಒಂದೇ. 10ಕ್ಕಿಂತ ಕಡಿಮೆ ಇದ್ದರೆ ಏನೂ ಇಲ್ಲ. ಬದಲಿಗೆ ರಾಜ ಹಣ ಕೊಟ್ಟರೂ ಅದು ಹಿಂದೆಂದೋ ಗೊತ್ತು ಮಾಡಿದ ಕಡಿಮೆ ಬೆಲೆ.

ಮುಂದಿನಿಂದ ಒಂದು, ಹಿಂದಿನಿಂದ ಒಂದು ಅನ್ನುವುದರಲ್ಲಿ ಒಂದು ಜಾಣತನ ಕಾಣುತ್ತದೆ. ಕೆಟ್ಟ ಮಾಲನ್ನು ಒಂದು ಕಡೆ ಪೇರಿಸಿ ರಾಜನಿಗೆ ಅದನ್ನೇ ದಾಟಿಸಲು ಆಗುವುದಿಲ್ಲ. ಆದರೆ ಲೆಕ್ಕ ಮಾತ್ರ ಒರಟು. 20 ಪೀಪಾಯಿ ತಂದವನು 2 ಕಳೆದುಕೊಂಡರೆ ಅದು ನೂರಕ್ಕೆ 10. 100 ಪೀಪಾಯಿ ತಂದವನು ಅದೇ 2 ಕೊಟ್ಟರೆ ನೂರಕ್ಕೆ 2. 19 ತಂದವನಿಗೂ 20 ತಂದವನಿಗೂ ಮಧ್ಯೆ ಇಡೀ ಒಂದು ಪೀಪಾಯಿಯ ವ್ಯತ್ಯಾಸ. ಲೆಕ್ಕ ಗೊತ್ತಿದ್ದವನು 9ಕ್ಕೋ 19ಕ್ಕೋ ನಿಲ್ಲಿಸುತ್ತಾನೆ, ಅಲ್ವಾ? ಚಿಕ್ಕವನಿಗೆ ಜಾಸ್ತಿ ಹೊರೆ, ದೊಡ್ಡವನಿಗೆ ಕಡಿಮೆ. ಸಂತೆಯ ಬದನೆಕಾಯಿ ಲೆಕ್ಕವೇ ಇದು.

ಈ ಪೀಪಾಯಿ ಚಿಕ್ಕದಲ್ಲ. ಅದನ್ನು ‘ಟನ್’ ಅನ್ನುತ್ತಿದ್ದರು. ಒಂದು ಟನ್ ಅಂದರೆ 252 ಗ್ಯಾಲನ್, ನಮ್ಮ ಲೆಕ್ಕದಲ್ಲಿ 900 ಲೀಟರ್‌ಗಿಂತ ಜಾಸ್ತಿ. ತುಂಬಿದ ಪೀಪಾಯಿ ಹೆಚ್ಚು ಕಡಿಮೆ ಸಾವಿರ ಕಿಲೋ ತೂಗುತ್ತಿತ್ತು. ಹಡಗು ಎಷ್ಟು ದೊಡ್ಡದು ಅಂತ ಹೇಳಬೇಕಾದರೆ ಅದರಲ್ಲಿ ಎಷ್ಟು ಟನ್ ಹಿಡಿಯುತ್ತದೆ ಅಂತ ಹೇಳುತ್ತಿದ್ದರು. ಹಾಗೆ ಪೀಪಾಯಿಯ ಹೆಸರು ಅಳತೆಯ ಹೆಸರಾಯಿತು, ಆಮೇಲೆ ತೂಕದ ಹೆಸರಾಯಿತು. ಮಂಡ್ಯದ ರೈತ ಇವತ್ತು ಕಬ್ಬಿಗೆ ಟನ್‌ಗೆ ಇಷ್ಟು ಕೊಡಿ ಅಂತ ಕೇಳುವಾಗ ಬಳಸುವ ‘ಟನ್’ ಈ ವೈನ್ ಪೀಪಾಯಿಯಿಂದ ಬಂದದ್ದು.

ಪೀಪಾಯಿಗಳು ಬರುತ್ತಿದ್ದದ್ದು ಹೆಚ್ಚಾಗಿ ಗ್ಯಾಸ್ಕನಿಯಿಂದ, ಅಂದರೆ ಇವತ್ತಿನ ಫ್ರಾನ್ಸಿನ ಬೋರ್ಡೊ ಸುತ್ತಮುತ್ತಲಿಂದ. 1152ರಲ್ಲಿ ಅಕ್ವಿಟೇನಿನ ಎಲಿನರ್ ಹೆನ್ರಿಯನ್ನು ಮದುವೆಯಾದಳು. ಎರಡೇ ವರ್ಷಕ್ಕೆ ಹೆನ್ರಿ ಇಂಗ್ಲೆಂಡಿನ ರಾಜನಾದ. ಹೀಗೆ ಬೋರ್ಡೊ ಇಂಗ್ಲೆಂಡಿನ ರಾಜನ ಕೈಕೆಳಗೆ ಬಂತು, 1453ರವರೆಗೆ ಅಲ್ಲೇ ಉಳಿಯಿತು. 14ನೇ ಶತಮಾನದ ಮೊದಲ ದಶಕದ ಒಳ್ಳೆಯ ವರ್ಷಗಳಲ್ಲಿ ಬೋರ್ಡೊ ಕಡೆಯಿಂದ ಸುಮಾರು 1 ಲಕ್ಷ ಟನ್ ವೈನ್ ಹೊರಗೆ ಹೋಗುತ್ತಿತ್ತು. ಅದು ಸುಮಾರು 9 ಕೋಟಿ ಲೀಟರ್. ಇಂಗ್ಲೆಂಡಿಗೆ ಬರುತ್ತಿದ್ದದ್ದು ಅದರಲ್ಲಿ ಐದನೇ ಒಂದು ಭಾಗದಷ್ಟು.

ಅಲ್ಲಿ ಹೊರಡುವಾಗಲೂ ಸುಂಕ ಇತ್ತು. ಅದೂ ಆ ರಾಜನ ಬೊಕ್ಕಸಕ್ಕೇ. ಬೋರ್ಡೊ ಪಟ್ಟಣಿಗರ ಸ್ವಂತ ತೋಟದ ವೈನ್‌ಗೆ ಮಾತ್ರ ವಿನಾಯಿತಿ. ನದಿಯ ಮೇಲ್ಭಾಗದ ಊರುಗಳ ವೈನ್ ನವೆಂಬರ್ 11ರ ಸೇಂಟ್ ಮಾರ್ಟಿನ್ ಹಬ್ಬಕ್ಕೆ ಮುಂಚೆ ಬೋರ್ಡೊ ಬಂದರಿಗೆ ಇಳಿಯುವಂತಿರಲಿಲ್ಲ. ಆಮೇಲೆ ಈ ಗಡುವನ್ನು ಕ್ರಿಸ್‌ಮಸ್‌ವರೆಗೆ ತಳ್ಳಿದರು. ಅಷ್ಟರಲ್ಲಿ ಬೋರ್ಡೊದವರ ಹೊಸ ವೈನ್ ಹೊತ್ತ ಹಡಗುಗಳು ಹೊರಟು ಹೋಗಿರುತ್ತಿದ್ದವು. ಸುಂಕದ ದರಕ್ಕಿಂತ ಇಂಥ ತಾರೀಖುಗಳೇ ಕೆಲವರ ಹೊಟ್ಟೆಯ ಮೇಲೆ ಹೊಡೆಯುತ್ತವೆ. ಈ ಹಕ್ಕನ್ನು ತೆಗೆದುಹಾಕಲು ಫ್ರಾನ್ಸಿನ ಮಂತ್ರಿ ತುರ್ಗೋ 1776ರಲ್ಲಿ ಆಜ್ಞೆ ಹೊರಡಿಸಬೇಕಾಯಿತು.

ಈಗ 1302ಕ್ಕೆ ಬರೋಣ. ರಾಜ ಒಂದನೇ ಎಡ್ವರ್ಡ್‌ಗೆ ಯುದ್ಧಕ್ಕೆ ನಗದು ಬೇಕಿತ್ತು. ಪೀಪಾಯಿಯಿಂದ ಸೈನಿಕರಿಗೆ ಸಂಬಳ ಕೊಡಲು ಆಗುವುದಿಲ್ಲ. ಗ್ಯಾಸ್ಕನ್ ವ್ಯಾಪಾರಿಗಳಿಗೆ ಬೇಕಿದ್ದದ್ದು ನಿಶ್ಚಿತತೆ. ಬಂದರಿಗೆ ಬಂದ ಮೇಲೆ ಯಾವ ಪೀಪಾಯಿ ಹೋಗುತ್ತದೆ, ಎಷ್ಟು ದಿನ ಕಾಯಬೇಕು, ಕೈಗೆ ಎಷ್ಟು ಬರುತ್ತದೆ ಅನ್ನುವುದು ಮೊದಲೇ ಗೊತ್ತಿರಬೇಕು. ಆ ಆಗಸ್ಟ್‌ನಲ್ಲಿ ಒಪ್ಪಂದ ಆಯಿತು. ರಾಜ ಪೀಪಾಯಿ ಎತ್ತುವುದನ್ನು ಬಿಡುತ್ತಾನೆ, ಅವರು ಟನ್‌ಗೆ 2 ಶಿಲ್ಲಿಂಗ್ ನಗದು ಕೊಡುತ್ತಾರೆ. ಮುಂದಿನ ವರ್ಷ, 1303ರ ಫೆಬ್ರವರಿಯಲ್ಲಿ, ಎಲ್ಲ ವಿದೇಶಿ ವ್ಯಾಪಾರಿಗಳಿಗೂ ಇದೇ ಷರತ್ತಿನ ಸನ್ನದು ಹೊರಟಿತು. ಅದರ ಹೆಸರು ಕಾರ್ಟಾ ಮರ್ಕಟೋರಿಯಾ, ಅಂದರೆ ವರ್ತಕರ ಸನ್ನದು. ವೈನ್ ಇಳಿಸಿದ 40 ದಿನದೊಳಗೆ ಹಣ ಕಟ್ಟಬೇಕು. ಪೀಪಾಯಿಯ ಅಳತೆ ಸರಿಯಾಗಿದೆಯೇ ಅಂತ ನೋಡುವವನಿಗೆ ಟನ್‌ಗೆ 1 ಪೆನ್ನಿ.

ಈ ನಗದು ಸುಂಕ ವಸೂಲಿ ಮಾಡುತ್ತಿದ್ದವನು ರಾಜನ ಬಟ್ಲರ್, ಅರಮನೆಗೆ ವೈನ್ ಒದಗಿಸುವ ಅಧಿಕಾರಿ. ಆದ್ದರಿಂದ ಸುಂಕಕ್ಕೆ ಬಟ್ಲರೇಜ್ ಎಂಬ ಹೆಸರು ಬಂತು. ಆಗ ಲಂಡನ್ನಿನಲ್ಲಿ ಗ್ಯಾಲನ್‌ಗೆ 3 ಪೆನ್ನಿಯಂತೆ ಮಾರಿದರೆ ಒಂದು ಟನ್‌ಗೆ 63 ಶಿಲ್ಲಿಂಗ್ ಆಗುತ್ತದೆ (12 ಪೆನ್ನಿಗೆ ಒಂದು ಶಿಲ್ಲಿಂಗ್). ಅದರಲ್ಲಿ 2 ಶಿಲ್ಲಿಂಗ್ ಅಂದರೆ ನೂರಕ್ಕೆ 3ರಷ್ಟು. ನಮ್ಮ 150ರ ಪಕ್ಕ ಇಟ್ಟು ನೋಡಿ. ಮಧ್ಯಯುಗದ ರಾಜರು ಜನರನ್ನು ಹಿಂಡುತ್ತಿದ್ದರು ಅಂತ ಸುಮ್ನೆ ಹೇಳಿಬಿಡುತ್ತೇವೆ. ಆಮದು ವೈನ್ ವಿಷಯದಲ್ಲಿ ದರ ನೋಡಿದರೆ ನಾವೇ ಎಷ್ಟೋ ಮುಂದೆ ಹೋಗಿದ್ದೇವೆ.

1303ರ ಜೂನ್‌ನಲ್ಲಿ ಎಡ್ವರ್ಡ್ ತನ್ನ ದೇಶದ ವ್ಯಾಪಾರಿಗಳನ್ನು ಯಾರ್ಕ್ ಊರಿಗೆ ಕರೆಸಿದ. ವಿದೇಶಿಯರು ಒಪ್ಪಿದ್ದಾರೆ, ನೀವೂ ಒಪ್ಪಿಕೊಳ್ಳಿ, ನಿಮಗೂ ಪೀಪಾಯಿ ಉಳಿಯುತ್ತದೆ ಅಂದ. ಅವರು ಆಗುವುದಿಲ್ಲ ಅಂದರು. ಹಳೆಯದಾಗಿ ಸಲ್ಲಬೇಕಾದ ಸುಂಕ ಬಿಟ್ಟು ಹೊಸದು ಯಾವುದನ್ನೂ ಕೊಡುವುದಿಲ್ಲ ಅಂತ ಒಟ್ಟಾಗಿ ಹೇಳಿದರು.

ಮೇಲುನೋಟಕ್ಕೆ ಇದು ನಷ್ಟದ ನಿರ್ಧಾರ. 20 ಟನ್ ತರುವವನು ಹೊಸ ಲೆಕ್ಕದಲ್ಲಿ 40 ಶಿಲ್ಲಿಂಗ್ ಕೊಟ್ಟರೆ ಸಾಕು, ಹಳೆಯದರಲ್ಲಿ ಅದಕ್ಕಿಂತ ಬಹಳ ಜಾಸ್ತಿ ಬೆಲೆಯ ಎರಡು ಪೀಪಾಯಿ ಹೋಗುತ್ತವೆ. ಆದರೂ ಅವರು ಹಳೆಯದನ್ನೇ ಹಿಡಿದುಕೊಂಡರು. ದೊಡ್ಡ ಹಡಗಿನವರಿಗೆ ಎರಡೇ ಪೀಪಾಯಿ ಎಂಬ ಮಿತಿ ಲಾಭ, ಅದು ನಿಜ. ಆದರೆ ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು. ಎರಡು ಪೀಪಾಯಿಗೆ ಒಂದು ಗಡಿ ಇದೆ. ರಾಜ ಎಷ್ಟು ಕುಡಿದರೂ ಹಡಗಿಗೆ ಎರಡೇ. ನಗದಿಗೆ ಆ ಗಡಿ ಇಲ್ಲ. ಇವತ್ತು 2 ಶಿಲ್ಲಿಂಗ್ ಅಂತ ಒಪ್ಪಿಕೊಂಡರೆ ನಾಳೆ 3 ಅಂತ ಕೇಳಲು ದಾರಿ ಆಗುತ್ತದೆ. ಆ ವ್ಯಾಪಾರಿಗಳಿಗೆ ಈ ಅಪಾಯ ಕಂಡಿತ್ತು ಅಂತ ನಾನು ನಂಬುತ್ತೇನೆ. ಹೀಗಾಗಿ ಒಂದೇ ಬಂದರಿನಲ್ಲಿ ಎರಡು ಲೆಕ್ಕ ನಡೆದವು. ವಿದೇಶಿಯನಿಗೆ ನಗದು, ಸ್ವದೇಶಿಗೆ ಪೀಪಾಯಿ. ಲಂಡನ್ ಪಟ್ಟಣಿಗರು 1327ರಲ್ಲಿ ಪೀಪಾಯಿಯಿಂದಲೂ ಬಿಡುಗಡೆ ಪಡೆದರು.

ಈ ಸುಂಕದ ಸುತ್ತ ಬದುಕು ಕಟ್ಟಿಕೊಂಡ ಒಂದು ಮನೆತನವನ್ನು ನೋಡಿ. ಜಾನ್ ಚಾಸರ್ ಲಂಡನ್ನಿನ ವೈನ್ ವ್ಯಾಪಾರಿ. 1340ರ ದಶಕದ ಕೊನೆಯಲ್ಲಿ ಸೌತಾಂಪ್ಟನ್ ಬಂದರಿನಲ್ಲಿ ರಾಜನ ಬಟ್ಲರ್‌ನ ಸಹಾಯಕನಾಗಿದ್ದ. ಅವನ ಮಗ ಜೆಫ್ರಿ ಚಾಸರ್, ಇಂಗ್ಲಿಷ್ ಕಾವ್ಯದ ಹಿರಿಯ. 1374ರಲ್ಲಿ ಅವನನ್ನು ಲಂಡನ್ ಬಂದರಿನಲ್ಲಿ ಉಣ್ಣೆ ಮತ್ತು ತೊಗಲಿನ ಸುಂಕದ ಲೆಕ್ಕ ತಾಳೆ ನೋಡುವ ಅಧಿಕಾರಿಯಾಗಿ ನೇಮಿಸಿದರು. ಲೆಕ್ಕದ ಸುರುಳಿಗಳನ್ನು ಸ್ವಂತ ಕೈಯಲ್ಲೇ ಬರೆಯಬೇಕು ಎಂಬ ಷರತ್ತಿತ್ತು. ಅದೇ ವರ್ಷ ಏಪ್ರಿಲ್ 23ರಂದು ರಾಜ ಅವನಿಗೆ ದಿನಕ್ಕೊಂದು ಹೂಜಿ ವೈನ್ ಮಂಜೂರು ಮಾಡಿದ. ಅದನ್ನು ಲಂಡನ್ ಬಂದರಿನಲ್ಲಿ ರಾಜನ ಬಟ್ಲರ್ ಕೈಯಿಂದ ಪಡೆಯಬೇಕಿತ್ತು. ಇನ್ನು ಜೆಫ್ರಿಯ ಮಗ ಥಾಮಸ್ ಚಾಸರ್ 1402ರಲ್ಲಿ ಇಡೀ ಇಂಗ್ಲೆಂಡಿನ ಮುಖ್ಯ ಬಟ್ಲರ್ ಆದ. ಅವನೇ ಐದು ಸಲ ಹೌಸ್ ಆಫ್ ಕಾಮನ್ಸ್‌ನ ಸ್ಪೀಕರ್ ಕೂಡ ಆಗಿದ್ದ. ಸುಂಕಕ್ಕೆ ಒಪ್ಪಿಗೆ ಕೊಡುವ ಸಭೆಯ ಕುರ್ಚಿಯಲ್ಲೂ ಅವನೇ, ಬಂದರಿನಲ್ಲಿ ರಾಜನ ವೈನ್ ಪಾಲು ಎತ್ತುವ ಹುದ್ದೆಯಲ್ಲೂ ಅವನೇ. ಇವತ್ತಾದರೆ ಇದನ್ನು ನಾವು ಒಪ್ಪುವುದಿಲ್ಲ. ಆಗ ಯಾರಿಗೂ ಇದು ತಪ್ಪಾಗಿ ಕಾಣಲಿಲ್ಲ.

1337ರಲ್ಲಿ ಫ್ರಾನ್ಸ್ ಜೊತೆ ಯುದ್ಧ ಶುರುವಾಯಿತು. ವೈನ್ ಹಡಗುಗಳು ಫ್ರಾನ್ಸಿನ ಕರಾವಳಿ ಬಳಸಿಕೊಂಡೇ ಬರಬೇಕು. ದಾರಿಯಲ್ಲಿ ಶತ್ರು ಹಡಗು, ಜೊತೆಗೆ ಕಡಲ್ಗಳ್ಳರು. ವೈನ್ ಹಡಗುಗಳು ಗುಂಪಾಗಿ ಬರಬೇಕಾಯಿತು, ಕಾವಲಿಗೆ ಶಸ್ತ್ರ ಹಿಡಿದವರನ್ನು ಹತ್ತಿಸಬೇಕಾಯಿತು. ಹಡಗಿನ ಬಾಡಿಗೆ ಏರಿತು. 1347ರಲ್ಲಿ ರಾಜನ ಸಭೆ ಒಂದು ಹೊಸ ಸುಂಕ ಹಾಕಿತು. ವೈನ್‌ಗೆ ಟನ್‌ಗೆ 2 ಶಿಲ್ಲಿಂಗ್, ಬೇರೆ ಸರಕಿಗೆ ಪೌಂಡ್ ಬೆಲೆಗೆ 6 ಪೆನ್ನಿ. ಇದು ಸಮುದ್ರದ ಕಾವಲಿಗೆ ಅಂತ ಹೇಳಿದರು. ಇದೇ ಮುಂದೆ ‘ಟನೇಜ್ ಅಂಡ್ ಪೌಂಡೇಜ್’ ಆಯಿತು. ಪೀಪಾಯಿಗೆ ಕೊಡುವುದು ಟನೇಜ್, ಪೌಂಡ್ ಲೆಕ್ಕದಲ್ಲಿ ಕೊಡುವುದು ಪೌಂಡೇಜ್.

ಪಾರ್ಲಿಮೆಂಟಿನ ಒಪ್ಪಿಗೆ ಇಲ್ಲದೆ ಹಾಕಿದ್ದಕ್ಕೆ ಗಲಾಟೆ ಆಯಿತು. ಹಾಗಾಗಿ ಆಮೇಲೆ ಒಪ್ಪಿಗೆ ಕೇಳುವ ರೂಢಿ ಬಂತು. 1372ರಲ್ಲಿ ಅದನ್ನು ಕೇಳಿದ ರೀತಿ ನೋಡಿ. ಪಾರ್ಲಿಮೆಂಟ್ ಮುಗಿಯಿತು. ಜಿಲ್ಲೆಗಳ ಪ್ರತಿನಿಧಿಗಳಾದ ನೈಟ್‌ಗಳು ಊರಿಗೆ ಹೊರಟರು. ಪಟ್ಟಣಗಳ ಪ್ರತಿನಿಧಿಗಳನ್ನು ಮಾತ್ರ ಒಂದು ಕೋಣೆಗೆ ಕರೆದು, ಹೋದ ವರ್ಷ ಕೊಟ್ಟಂತೆ ಈ ವರ್ಷವೂ ಕೊಡಿ ಅಂದರು. ಅವರು ಒಪ್ಪಿದರು. ಬಂದರುಗಳ ವ್ಯಾಪಾರ ಅವರದ್ದು, ಕಾವಲು ಬೇಕಾದವರೂ ಅವರೇ. ಮರುವರ್ಷ ಇಡೀ ಪಾರ್ಲಿಮೆಂಟೇ ಒಪ್ಪಿಗೆ ಕೊಟ್ಟಿತು. ‘ಹೋದ ವರ್ಷ ಕೊಟ್ಟಂತೆ’ ಎಂಬ ಮಾತು ಇಲ್ಲೂ ಇದೆ. ಮಾಮೂಲು ಹುಟ್ಟುವುದೇ ಹಾಗೆ.

ಪಾರ್ಲಿಮೆಂಟಿಗೆ ಇದು ಗೊತ್ತಿತ್ತು. ಗೊತ್ತಿದ್ದು ಒಂದು ಉಪಾಯವನ್ನೂ ಮಾಡಿತು. ಈ ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಇಷ್ಟವಾದ ಘಟನೆ ಅದು. ನಡೆದದ್ದು ಉಣ್ಣೆಯ ಸುಂಕದಲ್ಲಿ, 1381ರಲ್ಲಿ. ಸುಂಕವನ್ನು ಮುಂದುವರಿಸಲು ಒಪ್ಪಿದರು, ಆದರೆ ಕ್ರಿಸ್‌ಮಸ್‌ನಿಂದ ಜನವರಿ 1ರವರೆಗೆ ಒಂದು ವಾರ ಸುಂಕ ಇರಬಾರದು ಅಂತ ಷರತ್ತು ಹಾಕಿದರು. ಹಣದ ದೃಷ್ಟಿಯಿಂದ ಆ ವಾರ ಏನೂ ಅಲ್ಲ, ಚಳಿಗಾಲದ ನಡುವೆ ಹಬ್ಬದ ದಿನಗಳು. ಉದ್ದೇಶ ಬೇರೆಯೇ ಇತ್ತು. ಬಿಡುವಿಲ್ಲದೆ ತೆಗೆದುಕೊಂಡರೆ ಇದು ನನ್ನ ಹಕ್ಕು, ನನ್ನ ವಾಡಿಕೆ ಅಂತ ರಾಜ ಹೇಳಬಹುದು. ನಡುವೆ ಒಂದು ವಾರ ಕತ್ತರಿಸಿದರೆ ಆ ಮಾತು ನಿಲ್ಲುವುದಿಲ್ಲ. ಅಂದರೆ, ಇದು ನಾವು ಕೊಟ್ಟದ್ದು, ನಿನ್ನದಲ್ಲ ಅಂತ ಕ್ಯಾಲೆಂಡರಿನಲ್ಲೇ ಬರೆದು ತೋರಿಸಿದರು. ಇಷ್ಟು ಸಣ್ಣ ಷರತ್ತಿನಲ್ಲಿ ಇಷ್ಟು ದೊಡ್ಡ ಮಾತು ಹೇಳಿದ ತೆರಿಗೆ ಕಾನೂನು ನಾನು ಬೇರೆ ನೋಡಿಲ್ಲ.

1406ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನಾಲ್ಕನೇ ಹೆನ್ರಿಯ ಕಾಲ. ಸುಂಕ ಕಟ್ಟುತ್ತಿದ್ದೇವೆ, ಸಮುದ್ರದಲ್ಲಿ ಕಾವಲೇ ಇಲ್ಲ ಅಂತ ವ್ಯಾಪಾರಿಗಳ ದೂರು. ಹಾಗಾದರೆ ನೀವೇ ನೋಡಿಕೊಳ್ಳಿ ಅಂತ ತೀರ್ಮಾನ ಆಯಿತು. ಟನೇಜ್ ಮತ್ತು ಪೌಂಡೇಜ್ ಹಣ ನೇರವಾಗಿ ವ್ಯಾಪಾರಿಗಳಿಗೆ, ಜೊತೆಗೆ ಉಣ್ಣೆ ಸುಂಕದ ನಾಲ್ಕನೇ ಒಂದು ಭಾಗ. ಬದಲಿಗೆ ಹಡಗು, ಆಳು, ಕಾವಲು ಎಲ್ಲ ಅವರದೇ ಹೊಣೆ. ಅವರು ತಮ್ಮದೇ ಇಬ್ಬರು ಅಡ್ಮಿರಲ್‌ಗಳನ್ನು ಆರಿಸಿಕೊಂಡರು. ಉತ್ತರದ ಸಮುದ್ರಕ್ಕೆ ಯಾರ್ಕ್‌ನ ವ್ಯಾಪಾರಿ ನಿಕೊಲಸ್ ಬ್ಲ್ಯಾಕ್‌ಬರ್ನ್, ದಕ್ಷಿಣಕ್ಕೆ ರಿಚರ್ಡ್ ಕ್ಲಿದರೋ. ಮೇ 1ರಿಂದ ಕೆಲಸ ಶುರು.

ಅಕ್ಟೋಬರ್‌ನಲ್ಲಿ ಅದು ಮುಗಿದೇ ಹೋಯಿತು. ಸುಂಕ ಬರುವುದು ಹಡಗು ಬಂದಾಗ, ಖರ್ಚು ಬರುವುದು ಅದಕ್ಕೆ ಮೊದಲೇ. ಕಾವಲು ಹಡಗಿಗೆ ಮುಂಗಡ ಹಣ ಬೇಕು. ವ್ಯಾಪಾರಿಗಳು ತಮ್ಮ ತಮ್ಮ ಬಂದರು ನೋಡಿಕೊಳ್ಳಬಲ್ಲರು, ಇಡೀ ಸಮುದ್ರ ನೋಡಿಕೊಳ್ಳುವುದು ಬೇರೆ ಕೆಲಸ. ರಾಜ ಸನ್ನದನ್ನು ವಾಪಸ್ ತೆಗೆದುಕೊಂಡ. ಈ ಪ್ರಯೋಗ ಸೋತಿತು ಅಂತ ಹೇಳಿ ಮುಂದೆ ಹೋಗುವುದು ಸುಲಭ. ಆದರೆ ಅದರ ಹಿಂದಿನ ಯೋಚನೆಗೆ ನಾನು ಬೆಲೆ ಕೊಡುತ್ತೇನೆ. ಕಾವಲಿನ ಹೆಸರಿನಲ್ಲಿ ತೆಗೆದ ಹಣ ಕಾವಲಿಗೇ ಹೋಗಬೇಕು ಅನ್ನುವುದನ್ನು ಅವರು ಅಕ್ಷರಶಃ ಮಾಡಿ ನೋಡಿದರು.

ಒಂಬತ್ತೇ ವರ್ಷಕ್ಕೆ ಗಾಳಿ ತಿರುಗಿತು. 1415ರ ಅಕ್ಟೋಬರ್ 25ರಂದು ಐದನೇ ಹೆನ್ರಿ ಅಜಿನ್‌ಕೋರ್ಟ್‌ನಲ್ಲಿ ಫ್ರೆಂಚರನ್ನು ಸೋಲಿಸಿದ. ನವೆಂಬರ್‌ನಲ್ಲಿ ಸೇರಿದ ಪಾರ್ಲಿಮೆಂಟ್ ಗೆಲುವಿನ ಸಂಭ್ರಮದಲ್ಲಿತ್ತು. ಟನ್‌ಗೆ 3 ಶಿಲ್ಲಿಂಗ್, ಪೌಂಡ್‌ಗೆ 12 ಪೆನ್ನಿಯಂತೆ ಸುಂಕವನ್ನು ರಾಜನ ಜೀವಮಾನ ಪೂರ್ತಿ ಕೊಟ್ಟಿತು. 1381ರಲ್ಲಿ ಒಂದು ವಾರಕ್ಕಾಗಿ ಹಟ ಹಿಡಿದಿದ್ದ ಸಭೆ ಇದೇ. ಒಂದು ಯುದ್ಧ ಗೆದ್ದ ಖುಷಿಯಲ್ಲಿ ಬಾಗಿಲನ್ನು ಪೂರ್ತಿ ತೆರೆದುಬಿಟ್ಟಿತು. ನಾಲ್ಕನೇ ಎಡ್ವರ್ಡ್‌ಗೆ 1465ರಲ್ಲಿ, ಮೂರನೇ ರಿಚರ್ಡ್‌ಗೆ 1484ರಲ್ಲಿ, ಏಳನೇ ಹೆನ್ರಿಗೆ 1485ರಲ್ಲಿ ಹೀಗೇ ಜೀವಮಾನದ ಸುಂಕ ಸಿಕ್ಕಿತು. ಕಾವಲಿನ ಮಾತು ಕಾಗದದಲ್ಲಿ ಉಳಿಯಿತು, ಹಣ ರಾಜನ ಸಾಮಾನ್ಯ ಖರ್ಚಿಗೆ ಸೇರಿತು. ನಡುವೆ 1454ರಲ್ಲಿ ಒಮ್ಮೆ ಈ ಸುಂಕವನ್ನು ಸಮುದ್ರ ಕಾಯಲು ಅಂತಲೇ ಕೆಲವು ಪ್ರಭುಗಳ ಕೈಗೆ 3 ವರ್ಷಕ್ಕೆ ಕೊಡಬೇಕಾಯಿತು. ಹುಟ್ಟಿದ ಕೆಲಸಕ್ಕೇ ಮತ್ತೆ ಬೇರೆ ಆಜ್ಞೆ ಬೇಕಾಯಿತು ಅಂದರೆ ಏನಾಗಿತ್ತು ಅಂತ ಗೊತ್ತಾಗುತ್ತದೆ.

ವೈನ್ ಸುಂಕವನ್ನು ಜಗಳದ ಆಯುಧ ಮಾಡಿಕೊಂಡದ್ದೂ ಆ ಕಾಲದಲ್ಲೇ. ಕ್ರೀಟ್ ದ್ವೀಪದಿಂದ ಮಾಮ್ಸಿ ಎಂಬ ಸಿಹಿ ವೈನ್ ಬರುತ್ತಿತ್ತು. ದ್ವೀಪ ವೆನಿಸ್‌ನ ಕೈಯಲ್ಲಿತ್ತು. ಇಂಗ್ಲಿಷ್ ಹಡಗುಗಳು ನೇರವಾಗಿ ಹೋಗಿ ತುಂಬಿಸಿಕೊಂಡು ಬರಲು ಶುರು ಮಾಡಿದಾಗ, ವೆನಿಸ್ ಹೊರಗಿನವರ ಹಡಗಿಗೆ ಪೀಪಾಯಿಗೆ 4 ಡ್ಯುಕಾಟ್ (ವೆನಿಸ್‌ನ ಚಿನ್ನದ ನಾಣ್ಯ) ಹೆಚ್ಚುವರಿ ಸುಂಕ ಹಾಕಿತು. ಏಳನೇ ಹೆನ್ರಿ 1491ರಲ್ಲಿ ತಿರುಗೇಟು ಕೊಟ್ಟ. ವಿದೇಶಿಯರು ತರುವ ಮಾಮ್ಸಿಗೆ ಪೀಪಾಯಿಗೆ 18 ಶಿಲ್ಲಿಂಗ್. 2025ರ ಮಾರ್ಚ್‌ನಲ್ಲಿ ಅಮೆರಿಕದ ವಿಸ್ಕಿಗೆ ಯುರೋಪ್ 50 ಹಾಕಲು ಹೊರಟಾಗ, ಯುರೋಪಿನ ವೈನ್‌ಗೆ 200 ಹಾಕುತ್ತೇನೆ ಅಂತ ಟ್ರಂಪ್ ಬೆದರಿಸಿದ್ದು ನೆನಪಿದೆಯಲ್ಲ?

ಜೀವಮಾನದ ಸುಂಕ ಎರಡು ಶತಮಾನ ನಡೆಯಿತು. 1625ರಲ್ಲಿ ಒಂದನೇ ಚಾರ್ಲ್ಸ್ ಪಟ್ಟಕ್ಕೆ ಬಂದಾಗ ಹೌಸ್ ಆಫ್ ಕಾಮನ್ಸ್ ಒಂದೇ ವರ್ಷಕ್ಕೆ ಕೊಡುತ್ತೇವೆ ಅಂದಿತು. ಅದೂ ಮೇಲ್ಮನೆಯಲ್ಲಿ ಮುಂದಕ್ಕೆ ಹೋಗಲಿಲ್ಲ. ಚಾರ್ಲ್ಸ್ ಒಪ್ಪಿಗೆಗೆ ಕಾಯದೆ ವಸೂಲಿ ಮಾಡಿದ. ನನ್ನ ಹಿಂದಿನವರೆಲ್ಲ ತೆಗೆದುಕೊಂಡಿದ್ದಾರೆ ಎಂಬುದು ಅವನ ವಾದ. ಕೊಡದ ವ್ಯಾಪಾರಿಗಳ ಸರಕು ಜಪ್ತಿ ಆಯಿತು, ಅದರಲ್ಲಿ ಜಾನ್ ರೋಲ್ ಎಂಬ ಪಾರ್ಲಿಮೆಂಟ್ ಸದಸ್ಯನ ಸರಕೂ ಇತ್ತು. 1629ರ ಮಾರ್ಚ್ 2ರಂದು ಸ್ಪೀಕರ್ ಜಾನ್ ಫಿಂಚ್ ಸಭೆ ಮುಗಿಸಲು ಎದ್ದಾಗ ಇಬ್ಬರು ಸದಸ್ಯರು ಅವನನ್ನು ಕುರ್ಚಿಯಲ್ಲೇ ಒತ್ತಿ ಹಿಡಿದರು. ಪಾರ್ಲಿಮೆಂಟ್ ಒಪ್ಪದ ಟನೇಜ್ ಮತ್ತು ಪೌಂಡೇಜ್ ಕೊಡುವವನೂ ದೇಶದ ಸ್ವಾತಂತ್ರ್ಯಕ್ಕೆ ದ್ರೋಹಿ ಎಂದು ನಿರ್ಣಯ ಓದಿದರು. ಚಾರ್ಲ್ಸ್ 11 ವರ್ಷ ಪಾರ್ಲಿಮೆಂಟನ್ನೇ ಕರೆಯಲಿಲ್ಲ. ಒಪ್ಪಿಗೆ ಇಲ್ಲದೆ ಇದು ನಡೆಯಬಾರದು ಅಂತ ಕಾನೂನು ಬಂದದ್ದು 1641ರಲ್ಲಿ. ಮುಂದಿನ ವರ್ಷ ಅಂತರ್ಯುದ್ಧ ಶುರುವಾಯಿತು.

ಈಗ ನಮ್ಮ ಸೆಸ್‌ಗೆ ಬರುತ್ತೇನೆ. ಬಂದರಿಗೆ ಬಂದ ಒಂದು ಬಾಟಲಿಯ ಬೆಲೆ 1000 ರೂಪಾಯಿ ಅಂದುಕೊಳ್ಳಿ. ಒಪ್ಪಂದದ ರಿಯಾಯಿತಿ ಇಲ್ಲದಿದ್ದರೆ ಮೂಲ ಸುಂಕ 500, ಸೆಸ್ 1000. ಸಂವಿಧಾನದ 270ನೇ ವಿಧಿಯ ಪ್ರಕಾರ ಸೆಸ್ ಮತ್ತು ಸರ್‌ಚಾರ್ಜ್ ರಾಜ್ಯಗಳ ಜೊತೆ ಹಂಚಿಕೊಳ್ಳುವ ಮೊತ್ತದಲ್ಲಿ ಸೇರುವುದಿಲ್ಲ. ಹಂಚುವ ಮೊತ್ತದಲ್ಲಿ ನೂರಕ್ಕೆ 41 ರಾಜ್ಯಗಳದ್ದು. 2021ಕ್ಕೆ ಮೊದಲಿನಂತೆ ಪೂರ್ತಿ 1500 ಮೂಲ ಸುಂಕವೇ ಆಗಿದ್ದರೆ ಎಲ್ಲ ರಾಜ್ಯಗಳಿಗೂ ಸೇರಿ ಸುಮಾರು 615 ರೂಪಾಯಿ ಹೋಗಬೇಕಿತ್ತು. ಈಗ 500ರ ಮೇಲೆ 205 ರೂಪಾಯಿ. ಕೊಳ್ಳುವವನು ಕೊಟ್ಟದ್ದು ಅಷ್ಟೇ. ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ನೂರಕ್ಕೆ 4.713 ಇದ್ದದ್ದು 2021ರಿಂದ 2026ರವರೆಗಿನ 15ನೇ ಆಯೋಗದ ಅವಧಿಯಲ್ಲಿ 3.647ಕ್ಕೆ ಇಳಿದಿತ್ತು. ಹಂಚುವ ಪಾತ್ರೆಯೂ ಚಿಕ್ಕದಾದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ವೈನ್ ಕುಡಿಯುವವರು ನಮ್ಮಲ್ಲಿ ಕಡಿಮೆ, ಇದರಿಂದ ಬರುವ ಮೊತ್ತವೂ ದೊಡ್ಡದಲ್ಲ. ಆದರೆ ಇದೇ ಸೆಸ್ ಪೆಟ್ರೋಲ್, ಡೀಸೆಲ್ ಮೇಲೂ ಇದೆ. ವಿಜಯಪುರ, ಬಾಗಲಕೋಟೆಯ ದ್ರಾಕ್ಷಿ ಬೆಳೆಗಾರನಿಗೆ ಈ ವಿಷಯ ಎರಡು ಕಡೆಯಿಂದ ತಟ್ಟುತ್ತದೆ. ಆಮದು ಸುಂಕ ಇಳಿದರೆ ಹೊರಗಿನ ವೈನ್ ಅಗ್ಗವಾಗಿ ಬಂದು ಇಲ್ಲಿನ ವೈನ್ ಜೊತೆ ಪೈಪೋಟಿಗೆ ನಿಲ್ಲುತ್ತದೆ. ಇನ್ನೊಂದು ಕಡೆ, ಕೃಷಿಯ ಹೆಸರಿನಲ್ಲಿ ಆ ವೈನ್ ಮೇಲೆ ತೆಗೆದ ಸೆಸ್ ಇದೆ. ಅದರಿಂದ ತನ್ನ ಊರಿಗೆ ಶೀತಲ ಗೋದಾಮು ಬಂತೇ ಅಂತ ಕೇಳುವ ಹಕ್ಕು ಅವನಿಗಿದೆ. 1406ರ ವ್ಯಾಪಾರಿಗಳು ಕೇಳಿದ್ದು ಇದನ್ನೇ: ಕಾವಲಿನ ಹಣ ಕೊಟ್ಟಿದ್ದೇವೆ, ಕಾವಲು ಎಲ್ಲಿ? ‘ಸುಂಕದವನ ಮುಂದೆ ಸುಖ ದುಃಖ ಹೇಳಿಕೊಂಡ ಹಾಗೆ’ ಅಂತ ಗಾದೆ ಇದೆ, ನಿಜ. ಆದರೆ ಇಲ್ಲಿ ಹೇಳಿಕೊಳ್ಳಬೇಕಾದ್ದು ಸುಖ ದುಃಖ ಅಲ್ಲ, ಲೆಕ್ಕ. ನನ್ನ ಅಭಿಪ್ರಾಯದಲ್ಲಿ ಪ್ರತಿ ಸೆಸ್‌ಗೂ ಒಂದು ಕೊನೆಯ ತಾರೀಖು ಇರಬೇಕು. ಮುಂದುವರಿಸಬೇಕಾದರೆ ಸಂಸತ್ತು ಕಳೆದ ಸಲದ ಹಣ ಎಲ್ಲಿ ಹೋಯಿತು ಅಂತ ಕೇಳಿ, ಹೊಸದಾಗಿ ಒಪ್ಪಿಗೆ ಕೊಡಬೇಕು.

ತಾರೀಖು ಹಾಕದಿದ್ದರೆ ಎಷ್ಟು ಕಾಲ ಹೋಗಬಹುದು ಅನ್ನುವುದಕ್ಕೆ ಐರ್ಲೆಂಡ್ ನೋಡಿ. 1185ರಲ್ಲಿ ರಾಜಕುಮಾರ ಜಾನ್ ಜೊತೆ ಥಿಯೊಬಾಲ್ಡ್ ವಾಲ್ಟರ್ ಎಂಬವನು ಅಲ್ಲಿಗೆ ಹೋದ. ಅವನಿಗೆ ಐರ್ಲೆಂಡಿನ ಮುಖ್ಯ ಬಟ್ಲರ್ ಹುದ್ದೆ ಸಿಕ್ಕಿತು, ಅಂದರೆ ರಾಜನ ಬಟ್ಟಲಿಗೆ ವೈನ್ ಸುರಿಯುವ ಗೌರವ. ಅವನ ಮನೆತನಕ್ಕೆ ಬಟ್ಲರ್ ಎಂಬುದೇ ಅಡ್ಡಹೆಸರಾಯಿತು. ಐರ್ಲೆಂಡಿನ ಬಂದರುಗಳಿಗೆ ಬರುವ ವೈನ್‌ನಲ್ಲಿ ಪೀಪಾಯಿ ಎತ್ತುವ ಹಕ್ಕೂ ಆ ಮನೆತನದ ಪಾಲಾಯಿತು. ವೈನ್ ಸುರಿಯುವ ಕೆಲಸ ಬರೀ ಹೆಸರಿಗೆ ಉಳಿದ ಮೇಲೂ ಹಕ್ಕು ಅಪ್ಪನಿಂದ ಮಗನಿಗೆ ಹೋಗುತ್ತಲೇ ಇತ್ತು. ಕೊನೆಗೆ 19ನೇ ಶತಮಾನದ ಆರಂಭದಲ್ಲಿ ಸರ್ಕಾರ ಅದನ್ನು ಆ ಮನೆತನದಿಂದ ಹಣ ಕೊಟ್ಟು ಬಿಡಿಸಿಕೊಂಡಿತು. ಕೊಟ್ಟ ಬೆಲೆ 2,16,000 ಪೌಂಡ್.